ಕ್ಲಿಯೋಪಾತ್ರಾ ಕಪ್ಪೋ ಬಿಳುಪೋ ಅನ್ನೋ ಜಗಳ ಸಾಕು, ಆಳಿದ್ದು ಹೇಗೆ ಅಂತ ಯಾರಾದರೂ ಕೇಳಿದ್ದೀರಾ?

ಹಳೇಪುಟ
ಕಳೆದ ವಾರ ಎರಡು ರಾತ್ರಿ ಕೂತು 1963ರ ಆ ದೊಡ್ಡ ಕ್ಲಿಯೋಪಾತ್ರಾ ಸಿನಿಮಾ ಮುಗಿಸಿದೆ. ಸುಮಾರು ನಾಲ್ಕು ಗಂಟೆ. ಎಲಿಜಬೆತ್ ಟೇಲರ್ ಎಷ್ಟು ಸಲ ಬಟ್ಟೆ ಬದಲಾಯಿಸುತ್ತಾರೆ ಅಂತ ಎಣಿಸಲು ಹೊರಟೆ, ಮೊದಲ ಗಂಟೆಯಲ್ಲೇ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ. ಅದಾದ ಮೇಲೆ 2023ರ ಸಾಕ್ಷ್ಯಚಿತ್ರ ಸರಣಿ ನೋಡಿದೆ, ಅಡೆಲ್ ಜೇಮ್ಸ್ ರಾಣಿಯಾಗಿರುವುದು. ಅದು ಬಂದಾಗ ಆದ ಗಲಾಟೆ ನೆನಪಿದೆಯಲ್ಲ? ಕಪ್ಪು ನಟಿಯನ್ನು ಹಾಕಿದ್ದಕ್ಕೆ ಈಜಿಪ್ಟಿನ ಪುರಾತತ್ವ ಸಚಿವಾಲಯವೇ ಹೇಳಿಕೆ ಕೊಟ್ಟಿತು, ರಾಣಿಯದು ಬಿಳಿ ಮೈಬಣ್ಣ, ಗ್ರೀಕ್ ಮುಖಲಕ್ಷಣ ಅಂತ. ಅಲ್ಲಿನ ವಕೀಲರೊಬ್ಬರು ದೂರನ್ನೂ ಕೊಟ್ಟರು.

ಎರಡರ ನಡುವೆ 60 ವರ್ಷ. ಒಂದರಲ್ಲಿ ಹಾಲಿನಂಥ ಬಿಳುಪು, ಇನ್ನೊಂದರಲ್ಲಿ ಕಪ್ಪು. ಆದರೆ ಜನ ಕೇಳಿದ ಪ್ರಶ್ನೆ ಮಾತ್ರ ಒಂದೇ: ನೋಡಲು ಹೇಗಿದ್ದಳು?

ಕ್ರಿ.ಪೂ. 51ರಿಂದ 30ರವರೆಗೆ ಈಜಿಪ್ಟ್ ಆಳಿದವಳು. ನೈಲ್ ನದಿ ಕೈಕೊಟ್ಟ ವರ್ಷಗಳನ್ನು ದಾಟಿಸಿದವಳು. ಖಾಲಿ ಖಜಾನೆ, ತಲೆ ಮೇಲೆ ರೋಮಿನ ಸಾಲ. ಇದೆಲ್ಲ ಯಾವ ಸಿನಿಮಾದಲ್ಲಿದೆ? ಗಂಡಸು ರಾಜನಾಗಿದ್ದರೆ ಮೊದಲು ಯುದ್ಧ ತೋರಿಸುತ್ತಾರೆ, ಆಮೇಲೆ ಮುಖ. ಹೆಂಗಸಾದರೆ ಮೊದಲು ಮುಖ, ಆಮೇಲೂ ಮುಖ. ಬಣ್ಣದ ಜಗಳವೂ ಅದೇ ಮುಖದ ಹುಚ್ಚಿನ ಇನ್ನೊಂದು ತುದಿ ಅಲ್ವಾ? ಬೈದರೂ ಸರಿ, ಹೇಳಿ.

ಮಸಿಕುಡಿಕೆ
ಇದರಲ್ಲಿ ಚರ್ಚೆಗೆ ಏನಿದೆ? ಅಲೆಕ್ಸಾಂಡರನ ಸೇನಾಪತಿ ಟಾಲೆಮಿಯ ವಂಶ. ಮ್ಯಾಸಿಡೋನಿಯಾದಿಂದ ಬಂದವರು. ಅಣ್ಣ ತಂಗಿಯರೇ ಮದುವೆಯಾಗುತ್ತಿದ್ದ ಮನೆತನ. ಅವಳು ಗ್ರೀಕಳು. ಮುಗೀತು.

ಸಂಜೆಗೆಂಪು
ಅಷ್ಟು ಬೇಗ ಮುಗಿಸಬೇಡಿ ಸಾರ್. ಅವಳ ತಾಯಿ ಯಾರು ಅಂತ ಯಾವ ದಾಖಲೆಯೂ ಖಚಿತವಾಗಿ ಹೇಳುವುದಿಲ್ಲ. ಅಪ್ಪನ ತಾಯಿಯದ್ದೂ ಅದೇ ಕತೆ. ಅಂದರೆ ಎರಡು ತಲೆಮಾರು ಹೆಂಗಸರ ಜಾಗ ಖಾಲಿ.

ಮಸಿಕುಡಿಕೆ
ಖಾಲಿ ಜಾಗ ಇದೆ ಅಂತ ನಮಗೆ ಬೇಕಾದವರನ್ನು ತಂದು ಕೂರಿಸೋಕೆ ಆಗುತ್ತಾ?

ಸಂಜೆಗೆಂಪು
ಇಲ್ಲ. ಹಾಗೇ ಎಲಿಜಬೆತ್ ಟೇಲರ್ ಅವರನ್ನೂ ಕೂರಿಸೋಕೆ ಆಗಲ್ಲ. ಆಗ ಯಾವ ವಕೀಲರೂ ಬಣ್ಣದ ಬಗ್ಗೆ ದೂರು ಕೊಡಲಿಲ್ಲ ನೋಡಿ.

ರೀಲುಗಾಡಿ
ಟೇಲರ್‌ಗಿಂತ ಮುಂಚಿನ ಕತೆ ಕೇಳಿ, ಮಜಾ ಇದೆ. 1917ರಲ್ಲಿ ಮೂಕಿ ಕಾಲದ ಕ್ಲಿಯೋಪಾತ್ರಾ ಬಂತು. ನಟಿ ಥೀಡಾ ಬಾರಾ. ಸ್ಟುಡಿಯೋದವರು ಆಕೆಯ ಬಗ್ಗೆ ಏನೆಲ್ಲ ಪ್ರಚಾರ ಮಾಡಿದರು ಅಂದರೆ, ಸಹಾರಾ ಮರಳಿನಲ್ಲಿ ಹುಟ್ಟಿದವಳು, ಮಂತ್ರತಂತ್ರ ಗೊತ್ತಿರುವವಳು ಅಂತೆಲ್ಲ. ನಿಜದಲ್ಲಿ ಆಕೆ ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯ ಹುಡುಗಿ, ಹೆಸರು ಥಿಯೋಡೋಸಿಯಾ ಗುಡ್‌ಮನ್! ಥೀಡಾ ಬಾರಾ ಅನ್ನೋ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಅರಬ್ ಸಾವು' ಅನ್ನೋ ಅರ್ಥದ ಎರಡು ಪದ ಬರುತ್ತವೆ, ಅದನ್ನೂ ಪ್ರಚಾರಕ್ಕೆ ಬಳಸಿಕೊಂಡರು.

ಅಂದರೆ ಮೈ ಬಿಳಿಯೇ ಇರಬೇಕು, ಆದರೆ ವಾಸನೆ ಪೂರ್ವದ್ದಿರಬೇಕು. ಅಪಾಯ ಬೇಕು, ಆದರೆ ನಮ್ಮವಳೇ ಆಗಿರಬೇಕು. ಇದೇ ಸೂತ್ರದಲ್ಲಿ 1934ರಲ್ಲಿ ಕ್ಲಾಡೆಟ್ ಕೋಲ್ಬರ್ಟ್, 1945ರಲ್ಲಿ ವಿವಿಯನ್ ಲೀ ಬಂದರು. ಆ 1917ರ ಸಿನಿಮಾ ಈಗ ಇಲ್ಲ, ಚೂರುಪಾರು ಮಾತ್ರ ಉಳಿದಿದೆ. ಆದರೆ ಅದರ ಸ್ಥಿರಚಿತ್ರಗಳು ಉಳಿದಿವೆ. ಎದೆಯ ಮೇಲೆ ಹಾವಿನ ಸುರುಳಿ, ಕಣ್ಣಿನ ಸುತ್ತ ಒಂದು ಇಂಚು ಕಾಡಿಗೆ. ಇವತ್ತಿಗೂ ಕ್ಲಿಯೋಪಾತ್ರಾ ವೇಷ ಅಂದರೆ ಜನ ಹಾಕೋದು ಅದನ್ನೇ.

ಚೋಟುಮೆಣಸು
ಕ್ಲಿಯೋಪಾತ್ರಾನಾ, ಕ್ಲಿಯೋಪಾಟ್ರಾನಾ? ಮೊದಲು ಅದು ಇತ್ಯರ್ಥ ಆಗಲಿ.

ಸಂಜೆಗೆಂಪು
ಗ್ರೀಕಿನಲ್ಲಿ ಕ್ಲೆಯೊಪಾತ್ರಾ. 'ಅಪ್ಪನ ಕೀರ್ತಿ' ಅಂತ ಅರ್ಥ. ಅಪ್ಪ ಸಾಲ ಮಾಡಿ ಸತ್ತ ಅನ್ನೋದು ಬೇರೆ ವಿಷಯ.

ಬಿಡಿಕಾಸು
ನಾನು ನಾಣ್ಯ ಸಂಗ್ರಹಿಸುವವನು, ಆದ್ದರಿಂದ ನನ್ನ ಮಾತು ಬರೀ ನಾಣ್ಯದ್ದು. ಅವಳು ಬದುಕಿದ್ದಾಗಲೇ ಟಂಕಿಸಿದ ನಾಣ್ಯಗಳಿವೆ. ಅವುಗಳ ಮುಖ ನೋಡಿದರೆ ಸಿನಿಮಾದವರಿಗೆ ನಿದ್ದೆ ಬರಲ್ಲ. ಗಿಣಿಮೂಗು, ಮುಂದೆ ಬಂದ ಗಲ್ಲ, ದಪ್ಪ ಕತ್ತು. ಕೂದಲನ್ನು ಕರಬೂಜದ ಗೆರೆಗಳ ಥರ ಸಾಲುಸಾಲಾಗಿ ಹಿಂದಕ್ಕೆ ಎಳೆದು ಗಂಟು ಹಾಕಿದ್ದಾರೆ. ಅದರ ಮೇಲೆ ಒಂದು ಅಗಲ ಪಟ್ಟಿ. ಆ ಪಟ್ಟಿಯೇ ಗ್ರೀಕ್ ರಾಜರ ಕಿರೀಟ. ಮುಖ ಹೇಗಾದರೂ ಇರಲಿ, ಪಟ್ಟಿ ಮಾತ್ರ ಎದ್ದು ಕಾಣಬೇಕು ಅನ್ನೋ ಹಾಗೆ ಕೆತ್ತಿದ್ದಾರೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಅವಳ ಕಂಚಿನ ನಾಣ್ಯಗಳ ಮೇಲೆ ಗ್ರೀಕ್ ಅಕ್ಷರದಲ್ಲಿ ಬೆಲೆ ಹಾಕಿಸಿದ್ದಳು. ಒಂದರ ಮೇಲೆ 80, ಇನ್ನೊಂದರ ಮೇಲೆ 40. ಅಂದರೆ ಕಂಚಿನ ತೂಕ ಎಷ್ಟಾದರೂ ಇರಲಿ, ಬೆಲೆ ನಾನು ಹೇಳಿದ್ದು ಅಂತ. ಖಜಾನೆ ಬತ್ತಿದಾಗ ಮಾಡುವ ಗಟ್ಟಿ ಕೆಲಸ ಇದು. ಇದರ ಮೇಲೆ ಸಿನಿಮಾ ಮಾಡಿ ಅಂದರೆ ಯಾವ ನಿರ್ಮಾಪಕ ಬರ್ತಾನೆ ಹೇಳಿ?

ಹಳೇಪುಟ
ನಾನು ಬರ್ತೀನಿ. ದುಡ್ಡು ನಿಮ್ಮದು.

ಕಡತರಾಯ
ಬಿಡಿಕಾಸು ಅವರ ಬೆನ್ನಿಗೆ ನಾನೂ ಒಂದು ಸೇರಿಸುತ್ತೇನೆ. ಇಡೀ ದಿನ ಕಡತ ನೋಡಿ ಕಣ್ಣು ಕಳೆದುಕೊಂಡವನು ನಾನು. ಈ ವಿಷಯ ಓದಿದ ದಿನ ಮೈ ಜುಮ್ಮೆಂದಿತ್ತು.

ಹಳೇ ಕಾಲದಲ್ಲಿ ಈಜಿಪ್ಟಿನಲ್ಲಿ ಮಮ್ಮಿಗಳ ಹೊದಿಕೆಯನ್ನು ರದ್ದಿ ಪಪೈರಸ್ (ಜೊಂಡಿನ ಕಾಗದ) ಅಂಟಿಸಿ ಮಾಡುತ್ತಿದ್ದರು. ಅಂಥ ಒಂದು ರದ್ದಿಯಲ್ಲಿ ಕ್ರಿ.ಪೂ. 33ರ ಸರ್ಕಾರಿ ಆದೇಶ ಸಿಕ್ಕಿದೆ, ಈಗ ಬರ್ಲಿನ್ನಿನಲ್ಲಿದೆ. ಅವಳ ಜೊತೆಗಾರನಾಗಿದ್ದ ರೋಮಿನ ಸೇನಾನಿ ಆಂಟನಿಯ ಕಡೆಯ ಒಬ್ಬ ದೊಡ್ಡ ರೋಮನ್ನನಿಗೆ ತೆರಿಗೆ ವಿನಾಯಿತಿ. ವರ್ಷಕ್ಕೆ 10,000 ಅಳತೆ ಗೋಧಿ ಹೊರಗೆ ಕಳಿಸಬಹುದು, 5,000 ಜಾಡಿ ದ್ರಾಕ್ಷಾರಸ ಒಳಗೆ ತರಬಹುದು, ಸುಂಕ ಇಲ್ಲ. ಆದೇಶ ಗುಮಾಸ್ತನ ಕೈಬರಹದಲ್ಲಿದೆ. ಕೆಳಗೆ ಬೇರೆ ಕೈಬರಹದಲ್ಲಿ ಒಂದೇ ಒಂದು ಪದ: ಗಿನೆಸ್ಥೊಯ್. 'ಹಾಗೇ ಆಗಲಿ.' ಆ ಒಂದು ಪದ ಕ್ಲಿಯೋಪಾತ್ರಾಳೇ ಸ್ವಂತ ಕೈಯಿಂದ ಬರೆದದ್ದು ಅಂತ ಕೆಲವು ವಿದ್ವಾಂಸರ ವಾದ. ಎಲ್ಲರೂ ಒಪ್ಪಿಲ್ಲ.

ನಾವು 'ಮಂಜೂರು' ಅಂತ ಬರೆದು ಗೀಚುತ್ತೇವಲ್ಲ, ಅದೇ. ನನಗೆ ಅವಳ ಮೂಗು ಬೇಡ, ಆ ರುಜು ಸಾಕು.

ಚೋಟುಮೆಣಸು
ಅಂದರೆ ಲಂಚ ಅಂತೀರಾ?

ಕಡತರಾಯ
ರಾಜಕೀಯ ಅಂತೀನಿ. ಎರಡು ವರ್ಷಕ್ಕೆ ಆಕ್ಟಿಯಮ್ ಯುದ್ಧ, ಆಂಟನಿ ಮತ್ತು ಅವಳು ಒಂದು ಕಡೆ, ರೋಮಿನ ಆಕ್ಟೇವಿಯನ್ ಇನ್ನೊಂದು ಕಡೆ. ಆಂಟನಿಯ ಕಡೆಯವರನ್ನು ಕೈಯಲ್ಲಿಟ್ಟುಕೊಳ್ಳಬೇಕಿತ್ತು. ಸಿನಿಮಾದಲ್ಲಿ ಇದೇ ಕೆಲಸವನ್ನು ಕಣ್ಣೋಟದಲ್ಲಿ ಮಾಡಿಸುತ್ತಾರೆ.

ಮಸಿಕುಡಿಕೆ
ಸಿನಿಮಾದವರನ್ನೇ ಯಾಕೆ ಬೈತೀರಿ? ಆ ಕತೆ ಕಟ್ಟಿದವರು ರೋಮಿನವರು. ಆಕ್ಟೇವಿಯನ್‌ಗೆ (ಮುಂದೆ ಆಗಸ್ಟಸ್ ಚಕ್ರವರ್ತಿ ಆದವನು) ತನ್ನದೇ ಊರಿನ ಆಂಟನಿಯ ಮೇಲೆ ಯುದ್ಧ ಅಂತ ಹೇಳೋಕೆ ಆಗಲ್ಲ. ಪರದೇಶದ ಮಾಟಗಾತಿ ನಮ್ಮ ಗಂಡಸನ್ನು ಹಾಳು ಮಾಡಿದಳು ಅಂತ ಹೇಳಿದ. ಯುದ್ಧ ಘೋಷಿಸಿದ್ದು ಅವಳೊಬ್ಬಳ ಮೇಲೆ. ಕವಿ ಪ್ರಾಪರ್ಷಿಯಸ್ ಅವಳನ್ನು ನೇರವಾಗಿ 'ಸೂಳೆ ರಾಣಿ' ಅಂತಲೇ ಕರೆದ. ಹೊರೇಸ್ 'ವಿಧಿ ಕಳಿಸಿದ ರಾಕ್ಷಸಿ' ಅಂದ. ಆದರೆ ಗ್ರೀಕ್ ಲೇಖಕ ಪ್ಲುಟಾರ್ಕ್ ಮಾತ್ರ ಒಂದು ಪ್ರಾಮಾಣಿಕ ಮಾತು ಬರೆದಿಟ್ಟ: ಅವಳ ಚೆಲುವು ಹೋಲಿಕೆ ಇಲ್ಲದ್ದೇನಲ್ಲ, ಮಾತೇ ಅವಳ ಶಕ್ತಿ ಅಂತ. ಹಲವು ಭಾಷೆ ಆಡುತ್ತಿದ್ದಳು. ಆ ವಂಶದಲ್ಲಿ ಈಜಿಪ್ಟಿನ ಜನರ ಭಾಷೆ ಕಲಿತವಳು ಅವಳೇ ಮೊದಲು. ಸುಮಾರು 300 ವರ್ಷ ಆಳಿ ಒಬ್ಬನೂ ಕಲಿಯಲಿಲ್ಲ ಅನ್ನೋದನ್ನು ಯೋಚನೆ ಮಾಡಿ.

ಹಳೇಪುಟ
ನೋಡಿ, ಮೊದಲು 'ಮುಗೀತು' ಅಂದವರೇ ಈಗ ಒಳ್ಳೇ ಸಾಲು ಬರೆದರು.

ನೀಲಿಶಾಯಿ
ಕಪ್ಪು ರಾಣಿಯ ಕತೆ ಬೇಕಾದರೆ ಪಕ್ಕದ ರಾಜ್ಯಕ್ಕೆ ಹೋಗಬಹುದಿತ್ತಲ್ಲ? ಈಜಿಪ್ಟಿನ ದಕ್ಷಿಣಕ್ಕೆ ಕುಶ್, ಈಗಿನ ಸುಡಾನ್. ಕ್ಲಿಯೋಪಾತ್ರಾ ಸತ್ತು ಐದಾರು ವರ್ಷಕ್ಕೆ ಅಲ್ಲಿನ ರಾಣಿ ಕಂದಾಕೆ ಅದೇ ಆಗಸ್ಟಸ್‌ನ ಸೈನ್ಯದ ಮೇಲೆ ಬಿದ್ದಳು. ಈಜಿಪ್ಟಿನ ಗಡಿಯ ಊರುಗಳನ್ನು ಲೂಟಿ ಮಾಡಿ ಅವನ ಕಂಚಿನ ಪ್ರತಿಮೆಗಳನ್ನು ಕಿತ್ತು ತಂದರು. ಒಂದು ಪ್ರತಿಮೆಯ ತಲೆಯನ್ನು ಮೆರೋಯೆ ನಗರದ ಗುಡಿಯ ಮೆಟ್ಟಿಲ ಕೆಳಗೆ ಹೂತರು. ಗುಡಿಗೆ ಬರುವವರೆಲ್ಲ ಚಕ್ರವರ್ತಿಯ ತಲೆ ತುಳಿದುಕೊಂಡೇ ಒಳಗೆ ಹೋಗಬೇಕು! ಆ ತಲೆ 1910ರಲ್ಲಿ ಅಗೆಯುವಾಗ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮರಳಿನಲ್ಲಿದ್ದದ್ದಕ್ಕೆ ಗಾಜಿನ ಕಣ್ಣು ಹಾಗೇ ಉಳಿದಿವೆ. ಪಿಳಿಪಿಳಿ ನೋಡುತ್ತಾನೆ.

ಇದಕ್ಕಿಂತ ಒಳ್ಳೇ ಸಿನಿಮಾ ದೃಶ್ಯ ಬೇಕಾ? ಆದರೂ ದೊಡ್ಡ ದುಡ್ಡು ಸುರಿದು ಯಾರೂ ಮಾಡಲಿಲ್ಲ. ಎಲ್ಲರಿಗೂ ಕ್ಲಿಯೋಪಾತ್ರಾಳೇ ಬೇಕು.

ಸಂಜೆಗೆಂಪು
ಚಿಕ್ಕ ತಿದ್ದುಪಡಿ. ಕಂದಾಕೆ ಹೆಸರಲ್ಲ, ಪದವಿ. ಆ ರಾಣಿ ಅಮನಿರೆನಾಸ್ ಅಂತ ಹೆಚ್ಚಿನವರು ಗುರುತಿಸುತ್ತಾರೆ. ಮತ್ತೆ ಪೂರ್ತಿ ಗೆಲುವೂ ಅಲ್ಲ. ರೋಮಿನ ಪೆಟ್ರೋನಿಯಸ್ ತಿರುಗಿ ಬಂದು ನಪಾಟಾ ಪಟ್ಟಣವನ್ನು ಹಾಳುಗೆಡವಿದ. ಆದರೆ ಕೊನೆಗೆ ಸಾಮೋಸ್ ದ್ವೀಪದಲ್ಲಿ ಸಂಧಾನ ನಡೆದಾಗ ಆಗಸ್ಟಸ್ ಕುಶ್ ಮೇಲಿನ ಕಪ್ಪ ಬಿಟ್ಟುಕೊಟ್ಟ. ಅದು ಸಣ್ಣದಲ್ಲ.

ನೀಲಿಶಾಯಿ
ಒಪ್ಪಿದೆ. ಆದರೆ ಆ ಕಾಲದ ಗ್ರೀಕ್ ಲೇಖಕ ಸ್ಟ್ರಾಬೋ ಅವಳ ಬಗ್ಗೆ ಬರೆದದ್ದು ನೋಡಿ. ಕನ್ನಡದಲ್ಲಿ ಹೇಳಬೇಕೆಂದರೆ 'ಗಂಡುಬೀರಿ, ಒಂದು ಕಣ್ಣಿಲ್ಲದವಳು'. ಅಷ್ಟೇ. ಕ್ಲಿಯೋಪಾತ್ರಾ ಮಾಟಗಾತಿ, ಇವಳು ಗಂಡುಬೀರಿ. ರೋಮಿನವರ ಹತ್ತಿರ ಇದ್ದದ್ದು ಎರಡೇ ಡಬ್ಬ.

ಬಿಡಿಕಾಸು
ಮೂರನೇ ಡಬ್ಬ ಬೇಕಿದ್ದರೆ ಸುಡಾನಿನ ನಾಕಾದಲ್ಲಿ ಸಿಂಹದೇವರ ಗುಡಿ ಇದೆ, ಅದರ ಮುಂಗೋಡೆಯ ಚಿತ್ರ ಹುಡುಕಿ ನೋಡಿ. ಒಂದು ಕಡೆ ರಾಜ ನಟಕಮನಿ, ಇನ್ನೊಂದು ಕಡೆ ಅಷ್ಟೇ ಎತ್ತರಕ್ಕೆ ರಾಣಿ ಅಮನಿತೋರೆ. ಇಬ್ಬರೂ ಶತ್ರುಗಳ ಜುಟ್ಟು ಹಿಡಿದು ಬಡಿಯುತ್ತಿದ್ದಾರೆ. ಅವಳದು ತುಂಬಿದ ಮೈ, ಅಗಲ ಸೊಂಟ, ಕೈತುಂಬ ಬಳೆ, ಉದ್ದುದ್ದ ಉಗುರು. ಗಂಡುಬೀರಿಯೂ ಅಲ್ಲ, ಮೋಹಿನಿಯೂ ಅಲ್ಲ. ಅವಳ ಜನ ಅವಳನ್ನು ಕೆತ್ತಿದ್ದು ಹಾಗೆ.

ಪಾಪಾಸುಕಳ್ಳಿ
ಹೆಣ್ಣು ಗಂಡು ವೇಷ ಹಾಕಿದ್ದೂ ಉಂಟಲ್ಲ. ಹಳೇ ಈಜಿಪ್ಟಿನ ಹತ್‌ಶೆಪ್ಸುತ್ ಗಡ್ಡ ಕಟ್ಟಿಕೊಂಡೇ ಫೇರೋ (ಅಲ್ಲಿನ ರಾಜ) ಆದಳು.

ಸಂಜೆಗೆಂಪು
ಗಡ್ಡ ಫೇರೋಗಳ ಸಮವಸ್ತ್ರ ಇದ್ದ ಹಾಗೆ. ಗಂಡಸು ಫೇರೋಗಳೂ ಕಟ್ಟಿಕೊಳ್ಳುತ್ತಿದ್ದದ್ದು ನಕಲಿ ಗಡ್ಡವೇ! ಅವಳು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಶಿಲ್ಪದಲ್ಲಿ ಗಂಡಿನ ಎದೆ, ಗಂಡಿನ ಗಡ್ಡ. ಪಕ್ಕದ ಬರಹದಲ್ಲಿ ಮಾತ್ರ ಎಷ್ಟೋ ಕಡೆ ಸ್ತ್ರೀಲಿಂಗದ ಪ್ರತ್ಯಯಗಳು. ಕೆತ್ತುವವರಿಗೆ ವ್ಯಾಕರಣದ ತಲೆನೋವು. ಆದರೆ ಕಳೆದ ಶತಮಾನದ ಎಷ್ಟೋ ಪಂಡಿತರು ಅವಳನ್ನು ಮಲಮಗನ ರಾಜ್ಯ ಕಿತ್ತುಕೊಂಡ ಕೆಟ್ಟ ಮಲತಾಯಿ ಅಂತಲೇ ಬರೆದರು. ಅವಳ ಹೆಸರು ಅಳಿಸಿದ್ದು ಮಲಮಗನ ಸಿಟ್ಟಿನಿಂದ ಅಂದರು. ಅಳಿಸೋ ಕೆಲಸ ಶುರುವಾಗಿದ್ದೇ ಅವಳು ಸತ್ತು ಸುಮಾರು 20 ವರ್ಷದ ಮೇಲೆ. ಅಷ್ಟು ವರ್ಷ ತಡೆದುಕೊಳ್ಳೋ ಸಿಟ್ಟು ಎಂಥದ್ದು ಮಾರಾಯ್ರೆ?

ಮಾತಿನಮಲ್ಲಿ
ದೆಹಲಿಯ ರಜಿಯಾಳನ್ನು ಯಾಕೆ ಮರೆತಿರಿ? 1236ರಿಂದ 1240. ಅವಳು ಸುಲ್ತಾನ್, ಸುಲ್ತಾನಾ ಅಲ್ಲ. ಸುಲ್ತಾನಾ ಅಂದರೆ ಸುಲ್ತಾನನ ಹೆಂಡತಿ. ಆಗಿನ ಇತಿಹಾಸಕಾರ ಮಿನ್ಹಾಜ್ ಅವಳನ್ನು ಹೊಗಳಿ ಹೊಗಳಿ, ರಾಜನಿಗೆ ಬೇಕಾದ ಎಲ್ಲ ಗುಣ ಇತ್ತು, ಆದರೆ ಗಂಡಾಗಿ ಹುಟ್ಟಲಿಲ್ಲವಲ್ಲ, ಏನು ಪ್ರಯೋಜನ ಅಂತ ಮುಗಿಸುತ್ತಾನೆ.

ಬಣ್ಣದ ವಿಷಯಕ್ಕೆ ಬರೋಣ. ಅವಳ ಆಸ್ಥಾನದಲ್ಲಿ ಯಾಕೂತ್ ಅನ್ನೋ ಆಫ್ರಿಕಾ ಮೂಲದ ಹಬ್ಶಿ ಅಧಿಕಾರಿ ಇದ್ದ, ಕುದುರೆಲಾಯದ ಮುಖ್ಯಸ್ಥ. ತುರ್ಕಿ ಸರದಾರರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನಿಗೆ ಅವಳ ಬಳಿ ಸಲುಗೆ ಇತ್ತು ಅಂತಷ್ಟೇ ಮಿನ್ಹಾಜ್ ಬರೆದ. ನೂರು ವರ್ಷ ಆದ ಮೇಲೆ ಬರೆದವರು ಅದನ್ನು ಹಿಗ್ಗಿಸಿ, ಕುದುರೆ ಹತ್ತಿಸುವಾಗ ಕೈ ಹಿಡಿದ, ಹಾಗೆ ಹೀಗೆ ಅಂದರು. 1983ರ ಹಿಂದಿ ಸಿನಿಮಾ ಅದನ್ನೇ ದೊಡ್ಡ ಪ್ರೇಮಕತೆ ಮಾಡಿತು. ಹೇಮಾಮಾಲಿನಿ ರಜಿಯಾ. ಯಾಕೂತ್ ಯಾರು? ಧರ್ಮೇಂದ್ರ, ಮುಖಕ್ಕೆ ಕಪ್ಪು ಬಳಿದುಕೊಂಡು! ಈಜಿಪ್ಟಿನವರ ಜಗಳ ನೋಡಿ ನಗುವವರು ಇದನ್ನೊಮ್ಮೆ ನೋಡಬೇಕು.

ರೀಲುಗಾಡಿ
ಆ ಸಿನಿಮಾದ ಖಯ್ಯಾಮ್ ಸಂಗೀತ ಮಾತ್ರ ಮುಟ್ಟಬೇಡಿ. ಲತಾ ಹಾಡಿದ್ದು ಈಗಲೂ ರಾತ್ರಿ ಕೇಳುತ್ತೇನೆ.

ಮಾತಿನಮಲ್ಲಿ
ಸಂಗೀತಕ್ಕೆ ಯಾರೂ ಮಸಿ ಬಳಿದಿಲ್ಲ ಬಿಡಿ.

ಗುಡ್ಡದಗಾಳಿ
ಎಲ್ಲ ಕಡೆ ಇದೇ ಗೋಳು ಅಂತ ಹೇಳಬೇಡಿ. 1961ರ ಕಿತ್ತೂರು ಚೆನ್ನಮ್ಮ ನೋಡಿ. ಬಿ. ಸರೋಜಾದೇವಿ ಅಂಥ ಚೆಲುವೆ, ಆದರೂ ಜನಕ್ಕೆ ನೆನಪಿರುವುದು ಕಪ್ಪ ಕೇಳಿದವನಿಗೆ ಕೊಟ್ಟ ಉತ್ತರ. ಚೆನ್ನಮ್ಮನ ಮೂಗು ಹೇಗಿತ್ತು ಅಂತ ಯಾರಾದರೂ ಜಗಳ ಆಡಿದ್ದಾರಾ?

ಪಾಪಾಸುಕಳ್ಳಿ
ಅಣ್ಣ, ಅದಕ್ಕೂ ಒಂದು ಷರತ್ತು ಇದೆ. ಅವಳು ವಿಧವೆ, ದತ್ತು ಮಗನ ಹಕ್ಕಿಗಾಗಿ 1824ರಲ್ಲಿ ಕತ್ತಿ ಹಿಡಿದವಳು. ಮಗನಿಗಾಗಿ ಹಿಡಿದರೆ ವೀರಮಾತೆ. ತನಗೇ ಸಿಂಹಾಸನ ಬೇಕು ಅಂದಿದ್ದರೆ ಬೇರೆ ಹೆಸರು ಇಟ್ಟಿರುತ್ತಿದ್ದರು.

ಗುಡ್ಡದಗಾಳಿ
ನೀವು ಎಲ್ಲದರಲ್ಲೂ ಕಲ್ಲು ಹುಡುಕುತ್ತೀರಿ. ಚೆನ್ನಮ್ಮನಿಗೆ ಕೈ ಹಾಕಬೇಡಿ.

ಪಾಪಾಸುಕಳ್ಳಿ
ಚೆನ್ನಮ್ಮನಿಗಲ್ಲ, ಕತೆ ಹೇಳುವ ನಮಗೆ ಕೈ ಹಾಕಿದ್ದು.

ಸಂಜೆಗೆಂಪು
ಕ್ಲಿಯೋಪಾತ್ರಾಳಿಗೂ ಆ ಗುಟ್ಟು ಗೊತ್ತಿತ್ತು. ಈಜಿಪ್ಟಿನ ದೆಂಡೆರಾ ಗುಡಿಯ ಹಿಂದಿನ ಗೋಡೆಯಲ್ಲಿ ಅವಳ ದೊಡ್ಡ ಚಿತ್ರ ಇದೆ. ಮಗ ಸೀಸೇರಿಯನ್‌ನನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ನಿಂತಿದ್ದಾಳೆ. ತನ್ನ ಜನರ ಮುಂದೆ ಅವಳು ತಾಯಿ, ಐಸಿಸ್ ದೇವಿ. ಹಾವು, ಹಾಸಿಗೆ, ಹಾಲಿನ ಸ್ನಾನ ಎಲ್ಲ ಹೊರಗಿನವರು ಕೊಟ್ಟದ್ದು.

ಮಸಿಕುಡಿಕೆ
ಈಗ ಒಂದು ಕಹಿ ಮಾತು. 2022ರಲ್ಲಿ ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ಹೆಣ್ಣು ಸೈನಿಕರ ಮೇಲೆ ಸಿನಿಮಾ ಬಂತು, ವಯೋಲಾ ಡೇವಿಸ್ ಇದ್ದದ್ದು. ಎಲ್ಲರೂ ಚಪ್ಪಾಳೆ. ಆದರೆ ದಹೋಮಿ ನೆರೆಯವರನ್ನು ಹಿಡಿದು ಗುಲಾಮರಾಗಿ ಮಾರಿ ಬೆಳೆದ ರಾಜ್ಯ. ಆ ದಾಳಿಗಳಲ್ಲಿ ಈ ಹೆಂಗಸರೂ ಇದ್ದರು. ಸಿನಿಮಾದಲ್ಲಿ ಅವರು ಗುಲಾಮಗಿರಿ ವಿರುದ್ಧ ಮಾತಾಡುತ್ತಾರೆ. ರೋಮಿನವರು ಮಸಿ ಬಳಿದರು, ನಾವು ಸುಣ್ಣ ಬಳಿಯುತ್ತಿದ್ದೇವೆ.

ನೀಲಿಶಾಯಿ
ಗಂಡಸು ರಾಜರ ಸಿನಿಮಾಗಳಲ್ಲಿ ಸುಣ್ಣ ಬಳಿದಾಗ ನಿಮಗೆ ಇಷ್ಟು ಕೋಪ ಬಂದಿತ್ತಾ?

ಮಸಿಕುಡಿಕೆ
ಬಂದಿತ್ತು. ಹೇಳಿದಾಗ ದೇಶದ್ರೋಹಿ ಅಂದರು.

ಕಡತರಾಯ
ಶಕ್ತಿ ಇರುವ ಹೆಣ್ಣು ಒಳ್ಳೆಯವಳೂ ಆಗಿರಲೇಬೇಕು ಅನ್ನೋ ಹಟ ಬಿಟ್ಟರೆ ಕತೆಗಳು ಚೆನ್ನಾಗಿರುತ್ತವೆ. ಅಂಗೋಲಾದ ನ್ಜಿಂಗಾ ಇದ್ದಳಲ್ಲ. 1622ರಲ್ಲಿ ಸಂಧಾನಕ್ಕೆ ಹೋದಾಗ ಪೋರ್ಚುಗೀಸ್ ಗವರ್ನರ್ ತಾನು ಕುರ್ಚಿಯಲ್ಲಿ ಕೂತು ಇವಳಿಗೆ ನೆಲದ ಮೇಲೆ ಜಾಗ ತೋರಿಸಿದ. ಅವಳು ತನ್ನ ಸೇವಕಿಯನ್ನು ಬಗ್ಗಿಸಿ ಬೆನ್ನ ಮೇಲೆ ಕೂತಳು ಅಂತ ಕತೆ. ಎಲ್ಲರೂ ರಾಣಿಯ ಗತ್ತು ಹೊಗಳುತ್ತಾರೆ. ನನಗೆ ಆ ಸೇವಕಿಯ ಬೆನ್ನೇ ಕಣ್ಣಿಗೆ ಬರುತ್ತದೆ. ಸಂಧಾನ ಎಷ್ಟು ಹೊತ್ತು ನಡೆಯಿತೋ ಏನೋ.

ರೀಲುಗಾಡಿ
ಸ್ವಲ್ಪ ನಗೋಣ. ಚೀನಾದ ವು ಜೆಟಿಯನ್ ಗೊತ್ತಲ್ಲ, 690ರಲ್ಲಿ ತಾನೇ ಚಕ್ರವರ್ತಿ ಅಂತ ಪಟ್ಟಕ್ಕೇರಿದವಳು. 2014ರ ಕೊನೆಗೆ ಅವಳ ಮೇಲೆ ದೊಡ್ಡ ಧಾರಾವಾಹಿ ಬಂತು, ಫಾನ್ ಬಿಂಗ್‌ಬಿಂಗ್ ನಾಯಕಿ. ಒಂದು ವಾರಕ್ಕೇ ನಿಂತುಹೋಯಿತು. ವಾಪಸ್ ಬಂದಾಗ ಹೆಂಗಸರ ಎದೆಭಾಗ ಕಾಣಬಾರದು ಅಂತ ಎಷ್ಟೋ ದೃಶ್ಯಗಳನ್ನು ಕತ್ತಿನವರೆಗೆ ಕತ್ತರಿಸಿದ್ದರು! ಪರದೆ ತುಂಬ ಬರೀ ತಲೆಗಳು. ಸಾಮ್ರಾಜ್ಯ ಆಳಿದವಳಿಗೆ ತನ್ನ ಫ್ರೇಮು ಆಳೋಕೆ ಆಗಲಿಲ್ಲ.

ಚೋಟುಮೆಣಸು
ತಲೆ ತೋರಿಸಿದರಲ್ಲ, ಹಳೇಪುಟ ಅವರು ಕೇಳಿದ್ದೂ ಅದನ್ನೇ.

ಕಾಡಿಗೆ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನ್ನದೊಂದು ಇದೆ.

ಹೈಸ್ಕೂಲಿನಲ್ಲಿ ಕ್ಲಿಯೋಪಾತ್ರಾ ನಾಟಕ ಮಾಡಿಸಿದರು. ಡೈಲಾಗ್ ಪರೀಕ್ಷೆಯಲ್ಲಿ ನಾನೇ ಮೊದಲು. ಆದರೆ ನಾನು ಕಪ್ಪು. ನಾಟಕ ಕಲಿಸುತ್ತಿದ್ದವರು ನನ್ನನ್ನು ಬೆಳಕಿನ ಕಡೆ ತಿರುಗಿಸಿ, ಗಲ್ಲ ಹಿಡಿದು ನೋಡಿ, 'ಪೌಡರ್ ನಿಲ್ಲಲ್ಲ' ಅಂದರು. ಬೈಗುಳದ ದನಿಯಲ್ಲಿ ಅಲ್ಲ. ಮಳೆ ಬರುತ್ತೆ ಅಂತ ಹೇಳಿದ ಹಾಗೆ. ರಾಣಿ ಪಾತ್ರ ನನ್ನ ಗೆಳತಿಗೆ ಹೋಯಿತು, ಅವಳು ಬೆಳ್ಳಗಿದ್ದಳು. ನನಗೆ ಹಿಂದೆ ನಿಂತು ಬೀಸಣಿಗೆ ಬೀಸುವ ದಾಸಿಯ ಪಾತ್ರ. ಅದಕ್ಕೆ ಪೌಡರ್ ಬೇಕಿರಲಿಲ್ಲ.

ಗೆಳತಿಗೆ ಡೈಲಾಗ್ ನಿಲ್ಲುತ್ತಿರಲಿಲ್ಲ. ನಾಟಕದ ದಿನ ಎರಡನೇ ದೃಶ್ಯದಲ್ಲೇ ಬಾಯಿ ಕಟ್ಟಿತು. ನಾನು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ತಂದು ಹಿಂದಿನಿಂದ ಹೇಳಿಕೊಟ್ಟೆ. ಅವಳು ಹೇಳಿದಳು. ಮತ್ತೆ ಹೇಳಿಕೊಟ್ಟೆ. ಕೊನೆಯವರೆಗೂ ಹಾಗೇ. ಬಹುಮಾನ ಅವಳಿಗೆ ಬಂತು, ಕೆಳಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಈಗಲೂ ಗೆಳತಿಯೇ.

ಹಳೇಪುಟ ಅವರೇ, ಬಣ್ಣದ ಜಗಳ ಸಾಕು ಅಂದಿರಿ. ನಿಮಗೆ ಸಾಕಾಗಿರಬಹುದು. 2023ರ ಸರಣಿಯ ಇತಿಹಾಸ ಸರಿಯಿಲ್ಲ, ನನಗೂ ಗೊತ್ತು. ಆದರೂ ಅಡೆಲ್ ಜೇಮ್ಸ್ ಸಿಂಹಾಸನದ ಮೇಲೆ ಕೂತ ಹೊತ್ತಿಗೆ ಅಲ್ಲೇ ನಿಲ್ಲಿಸಿ ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ.

ಹಳೇಪುಟ
ಶೀರ್ಷಿಕೆಯಲ್ಲಿ 'ಸಾಕು' ಅಂತ ಬರೆದದ್ದು ನನ್ನ ಅವಸರ. ಕ್ಷಮಿಸಿ.

ಮಸಿಕುಡಿಕೆ
ಕಾಡಿಗೆ ಅವರೇ, ಇತಿಹಾಸದ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಆದರೆ ಆ ನಾಟಕ ಕಲಿಸಿದವರಿಗೆ ಬಿಡಿಕಾಸು ಅವರ ನಾಣ್ಯ ತೋರಿಸಬೇಕಿತ್ತು. ಆ ಗಲ್ಲಕ್ಕೆ ಯಾವ ಪೌಡರ್ ನಿಲ್ಲುತ್ತಿತ್ತೋ ನೋಡೋಣ.

ಗುಡ್ಡದಗಾಳಿ
ಡೈಲಾಗ್ ಇನ್ನೂ ನೆನಪಿದೆಯಾ ಅಕ್ಕ?

ಕಾಡಿಗೆ
ಪೂರ್ತಿ. ಅವಳದ್ದೂ, ಸೀಸರನದ್ದೂ. ಆದರೆ ಕೈಯಲ್ಲಿ ಏನಾದರೂ ಬೀಸುತ್ತಿದ್ದರೆ ಮಾತ್ರ ಸರಾಗ ಬರುತ್ತೆ.